ಸ್ಟೇಜಿಂಗ್ ಆಪ್ ಒಳಗೆ ಲೈವ್ ಫೈಲ್

ನಮ್ಮದು ಫ್ಲಟರ್ ಆಪ್; ಫ್ಲಟರ್ ಅಂದರೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಟ್ಟಿಗೆ ಆಪ್ ಬರೆಯುವ ಟೂಲ್. ಒಂದೇ ಕೋಡ್‌ನಿಂದ ಮೂರು ಬಿಲ್ಡ್ (ಫೋನಿಗೆ ಹಾಕಲು ತಯಾರಾದ ಆಪ್) ಬರಬೇಕಿತ್ತು: ನಮಗೆ ಡೆವ್, ಟೆಸ್ಟಿಂಗ್ ಟೀಮ್‌ಗೆ ಸ್ಟೇಜಿಂಗ್, ಬಳಸುವವರಿಗೆ ಪ್ರಾಡ್, ಅಂದರೆ ಲೈವ್. ಮೂರಕ್ಕೂ ಬೇರೆ ಸರ್ವರ್, ಬೇರೆ ಫೈರ್‌ಬೇಸ್ ಪ್ರಾಜೆಕ್ಟ್ (ನೋಟಿಫಿಕೇಶನ್ ಕಳಿಸಲು ನಾವು ಬಳಸುವ ಗೂಗಲ್ ಸೇವೆ), ಬೇರೆ ಐಕಾನ್. ಒಂದೇ ಫೋನಿನಲ್ಲಿ ಮೂರೂ ಅಕ್ಕಪಕ್ಕ ಇರಬೇಕು. ಸೆಟಪ್ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನ ಸಾಕು ಅಂದೆ.

ಆಂಡ್ರಾಯ್ಡ್ ಕಡೆ ಅರ್ಧ ದಿನದಲ್ಲೇ ಮುಗಿಯಿತು. ಗ್ರೇಡಲ್ (ಆಂಡ್ರಾಯ್ಡ್ ಬಿಲ್ಡ್ ಮಾಡುವ ಟೂಲ್) ಫೈಲಿನಲ್ಲಿ ಫ್ಲೇವರ್ ಡೈಮೆನ್ಷನ್ ಅನ್ನೋ ಒಂದು ಗುಂಪು, ಅದರಡಿ ಮೂರು ಫ್ಲೇವರ್, ಅಂದರೆ ಒಂದೇ ಆಪ್‌ನ ಮೂರು ರೂಪ. ಪ್ರಾಡ್ ಬಿಟ್ಟು ಉಳಿದೆರಡರ ಅಪ್ಲಿಕೇಶನ್ ಐಡಿಗೆ (ಫೋನ್ ಆಪನ್ನು ಗುರುತಿಸುವ ಹೆಸರು) ಒಂದೊಂದು ಬಾಲ. ಫೈರ್‌ಬೇಸ್‌ನ ಜೇಸನ್ ಫೈಲನ್ನು (ಯಾವ ಪ್ರಾಜೆಕ್ಟ್ ಅಂತ ಹೇಳುವ ಸೆಟ್ಟಿಂಗ್ ಫೈಲ್) ಆಯಾ ಫ್ಲೇವರ್ ಹೆಸರಿನ ಫೋಲ್ಡರ್‌ನಲ್ಲಿಟ್ಟರೆ ಸರಿಯಾದದ್ದು ತಾನಾಗಿಯೇ ಸೇರಿಕೊಳ್ಳುತ್ತದೆ. ಒಂದೇ ಕಡೆ ಸಿಕ್ಕಿಕೊಂಡೆ. ಆಪ್‌ನ ವಿವರ ಇರುವ ಮ್ಯಾನಿಫೆಸ್ಟ್ ಫೈಲಿನಲ್ಲಿ ಫೈಲ್ ಪ್ರೊವೈಡರ್‌ನ (ಬೇರೆ ಆಪ್‌ಗೆ ಫೈಲ್ ಕೊಡುವ ಭಾಗ) ಅಥಾರಿಟಿಯನ್ನು, ಅಂದರೆ ಅದರ ಗುರುತಿನ ಹೆಸರನ್ನು, ಯಾರೋ ಕೈಯಾರೆ ಬರೆದಿಟ್ಟಿದ್ದರು (ಗಿಟ್ ತೆಗೆದು ನೋಡಿದರೆ, ನಾನೇ). ಒಂದೇ ಅಥಾರಿಟಿ ಇರುವ ಎರಡು ಆಪ್ ಒಂದು ಫೋನಿಗೆ ಹೋಗುವುದಿಲ್ಲ. ಅಲ್ಲಿ ಬಿಲ್ಡ್ ಆಗುವಾಗ ಆಯಾ ಅಪ್ಲಿಕೇಶನ್ ಐಡಿ ಬಂದು ಕೂರುವ ಪ್ಲೇಸ್‌ಹೋಲ್ಡರ್ ಹಾಕಿದೆ, ಸರಿಹೋಯಿತು.

ಐಓಎಸ್‌ನಲ್ಲಿ ಫ್ಲೇವರ್ ಅನ್ನೋ ಮಾತೇ ಇಲ್ಲ. ಅಲ್ಲಿರೋದು ಸ್ಕೀಮ್ (ಏನನ್ನು ಹೇಗೆ ಬಿಲ್ಡ್ ಮಾಡಬೇಕು ಅನ್ನೋ ಪಟ್ಟಿ) ಮತ್ತು ಬಿಲ್ಡ್ ಕಾನ್ಫಿಗರೇಶನ್ (ಬಿಲ್ಡ್ ಸೆಟ್ಟಿಂಗ್‌ಗಳ ಕಂತೆ). ಪ್ರತಿ ಫ್ಲೇವರ್‌ಗೂ ಅದೇ ಹೆಸರಿನ ಒಂದು ಸ್ಕೀಮ್, ಜೊತೆಗೆ ಡೀಬಗ್, ಪ್ರೊಫೈಲ್, ರಿಲೀಸ್ ಮೂರರದ್ದೂ ಒಂದೊಂದು ನಕಲು. ಒಟ್ಟು 9 ಕಾನ್ಫಿಗರೇಶನ್. ಹೊರಗಿನ ಲೈಬ್ರರಿಗಳನ್ನು ತರುವ ಕೋಕೋಪಾಡ್ಸ್ ಟೂಲ್‌ನ ಪಾಡ್‌ಫೈಲ್‌ನಲ್ಲೂ ಇವನ್ನು ಸೇರಿಸಬೇಕು, ಇಲ್ಲದಿದ್ದರೆ ಅದು ತನಗೆ ಗೊತ್ತಿಲ್ಲದ್ದನ್ನೆಲ್ಲ ರಿಲೀಸ್ ಅಂತಲೇ ಹಿಡಿಯುತ್ತದೆ. ಬೇಜಾರಿನ ಕೆಲಸ, ಕಷ್ಟದ್ದೇನಲ್ಲ. ಮೂರೂ ಬಿಲ್ಡ್ ಪಾಸ್ ಆದವು. ಸ್ಟೇಜಿಂಗ್ ಬಿಲ್ಡ್ ಕಳಿಸಿ ಸುಮ್ಮನಾದೆ.

ಮಾರನೇ ವಾರ ಟೆಸ್ಟಿಂಗ್‌ನಿಂದ ಮೆಸೇಜ್: "ಆಂಡ್ರಾಯ್ಡ್‌ನಲ್ಲಿ ನೋಟಿಫಿಕೇಶನ್ ಬರ್ತಿದೆ, ಐಫೋನ್‌ನಲ್ಲಿ ಒಂದೂ ಇಲ್ಲ."

ಮೊದಲು ಪರ್ಮಿಷನ್ ನೋಡಿದೆ. ಆಮೇಲೆ ನೋಟಿಫಿಕೇಶನ್ ಕಳಿಸಲು ಬೇಕಾದ ಆಪಲ್ ಕಡೆಯ ಪುಶ್ ಕೀ. ಆಮೇಲೆ ಫೋನನ್ನೇ ಅನುಮಾನಿಸಿ ಇನ್ನೊಂದು ಫೋನ್ ತಂದೆ. ಎರಡು ದಿನ ಹೋಯಿತು. ಕೊನೆಗೆ ಬ್ಯಾಕೆಂಡ್‌ನವರು ಸರ್ವರ್ ಲಾಗ್‌ನ ಒಂದು ಸಾಲು ಕಳಿಸಿದರು: ಸೆಂಡರ್ ಐಡಿ ಮಿಸ್‌ಮ್ಯಾಚ್. ಅಂದರೆ ಫೋನ್ ಕೊಟ್ಟ ಟೋಕನ್ (ನೋಟಿಫಿಕೇಶನ್ ತಲುಪಿಸುವ ವಿಳಾಸ) ಒಂದು ಫೈರ್‌ಬೇಸ್ ಪ್ರಾಜೆಕ್ಟ್‌ನದು, ನೋಟಿಫಿಕೇಶನ್ ಕಳಿಸುತ್ತಿರುವ ಸರ್ವರ್ ಇನ್ನೊಂದರದ್ದು.

ಆಗ ಹೊಳೆಯಿತು. ನಮ್ಮ ಆಪ್ ಐಓಎಸ್‌ನಲ್ಲಿ ಫೈರ್‌ಬೇಸನ್ನು ಒಂದು ಪಿಲಿಸ್ಟ್ ಫೈಲ್ (ಆಂಡ್ರಾಯ್ಡ್‌ನ ಜೇಸನ್ ಫೈಲಿನ ಹಾಗೇ ಇಲ್ಲಿನ ಸೆಟ್ಟಿಂಗ್ ಫೈಲ್) ಓದಿ ಶುರು ಮಾಡುತ್ತದೆ. ಐಓಎಸ್ ಬಿಲ್ಡ್ ಮಾಡುವ ಎಕ್ಸ್‌ಕೋಡ್‌ನಲ್ಲಿ ಫ್ಲೇವರ್ ಫೋಲ್ಡರ್ ನೋಡಿ ಆರಿಸುವವರು ಯಾರೂ ಇಲ್ಲ. ಟಾರ್ಗೆಟ್‌ಗೆ (ಆಪ್‌ನೊಳಗೆ ಹೋಗುವ ಫೈಲ್‌ಗಳ ಪಟ್ಟಿ) ಹಿಂದೆ ಸೇರಿಸಿದ್ದ ಲೈವ್ ಪಿಲಿಸ್ಟೇ ಮೂರೂ ಬಿಲ್ಡ್‌ಗೆ ಹೋಗಿತ್ತು. ಆಂಡ್ರಾಯ್ಡ್‌ನಲ್ಲಿ ಇದೇ ತಪ್ಪು ಮಾಡಿದ್ದರೆ, ಈ ಪ್ಯಾಕೇಜ್ ಹೆಸರಿಗೆ (ಅಂದರೆ ಅಪ್ಲಿಕೇಶನ್ ಐಡಿಗೆ) ಹೊಂದುವ ಕ್ಲೈಂಟ್ ಫೈಲಿನಲ್ಲಿಲ್ಲ ಅಂತ ಬಿಲ್ಡೇ ನಿಂತುಬಿಡುತ್ತಿತ್ತು. ಐಓಎಸ್‌ನಲ್ಲಿ ಬರೋದು ಬರೀ ಒಂದು ವಾರ್ನಿಂಗ್, ಅದೂ ಆಪ್ ಓಡುವಾಗ: ಬಂಡಲ್ ಐಡಿ (ಐಓಎಸ್‌ನಲ್ಲಿ ಆಪ್‌ನ ಗುರುತಿನ ಹೆಸರು) ಪಿಲಿಸ್ಟ್‌ನಲ್ಲಿರುವುದಕ್ಕೆ ಹೊಂದುತ್ತಿಲ್ಲ ಅಂತ. ಕನ್ಸೋಲ್‌ನಲ್ಲಿ ಮೊದಲ ದಿನದಿಂದಲೂ ಇತ್ತು. ಅಷ್ಟೊಂದು ಹಳದಿ ಸಾಲುಗಳ ನಡುವೆ ಓದುವವರು ಯಾರು, ಅಲ್ವಾ?

ಪಿಲಿಸ್ಟನ್ನು ಟಾರ್ಗೆಟ್‌ನಿಂದ ತೆಗೆದೇಬಿಟ್ಟೆ. ಮೂರು ಫೋಲ್ಡರ್ ಮಾಡಿ, ಕಾನ್ಫಿಗರೇಶನ್ ಹೆಸರು ನೋಡಿ ಸರಿಯಾದದ್ದನ್ನು ಕಾಪಿ ಮಾಡುವ ಸ್ಕ್ರಿಪ್ಟನ್ನು ಬಿಲ್ಡ್ ಫೇಸ್‌ಗೆ, ಅಂದರೆ ಬಿಲ್ಡ್‌ನ ಒಂದು ಹಂತವಾಗಿ, ಸೇರಿಸಿದೆ. ಫೈಲಿನೊಳಗಿನ ಬಂಡಲ್ ಐಡಿ ಬಿಲ್ಡ್‌ನದಕ್ಕೆ ಹೊಂದದಿದ್ದರೆ ಸ್ಕ್ರಿಪ್ಟ್ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಫೈಲ್ ಇಲ್ಲದಿದ್ದರೂ ಅಷ್ಟೇ.

ಇದೇ ನೆಪದಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಬಿಲ್ಡ್ ಕಮಾಂಡ್‌ನಲ್ಲಿ ನಾವು ಫ್ಲೇವರ್ ಒಂದು ಕಡೆ, ಡಾರ್ಟ್‌ನ (ಫ್ಲಟರ್ ಕೋಡ್ ಬರೆಯುವ ಭಾಷೆ) ಮೇನ್ ಫೈಲ್ ಇನ್ನೊಂದು ಕಡೆ ಕೊಡುತ್ತಿದ್ದೆವು; ಆಪ್ ಶುರುವಾಗೋದು ಆ ಫೈಲಿನಿಂದ, ಸರ್ವರ್ ಯಾವುದು ಅನ್ನೋದೂ ಅದರಲ್ಲೇ. ಸ್ಟೇಜಿಂಗ್ ಫ್ಲೇವರ್ ಹಾಕಿ ಪ್ರಾಡ್‌ನ ಮೇನ್ ಕೊಟ್ಟರೂ ಬಿಲ್ಡ್ ಆರಾಮಾಗಿ ಆಗುತ್ತದೆ. ಐಕಾನ್ ಸ್ಟೇಜಿಂಗ್‌ನದು, ಸರ್ವರ್ ಲೈವ್! ಮೂರು ಮೇನ್ ಫೈಲ್‌ಗಳ ಜಾಗದಲ್ಲಿ ಒಂದೇ ಉಳಿಸಿದೆ. ಈ ಫೈಲ್ ಫ್ಲಟರ್‌ನಲ್ಲೇ ಇರುವ ಆಪ್‌ಫ್ಲೇವರ್ ಅನ್ನೋ ಕಾನ್‌ಸ್ಟಂಟ್ (ಬಿಲ್ಡ್‌ಗೆ ಕೊಟ್ಟ ಫ್ಲೇವರ್‌ನ ಹೆಸರು) ಓದಿ ಸರ್ವರ್ ಆರಿಸುತ್ತದೆ. ಆ ಹೆಸರು ಖಾಲಿ ಇದ್ದರೆ ಆಪ್ ಮುಂದೆ ಹೋಗುವುದೇ ಇಲ್ಲ.

ಆಮೇಲೆ ಸಹೋದ್ಯೋಗಿಯೊಬ್ಬರು ಡೆಮೋ ಅಂತ ನಾಲ್ಕನೇ ಫ್ಲೇವರ್ ಸೇರಿಸಿದರು. ಆಂಡ್ರಾಯ್ಡ್ ಓಡಿತು, ಐಓಎಸ್ ನನ್ನ ಸ್ಕ್ರಿಪ್ಟ್ ಹತ್ತಿರ ನಿಂತಿತು. "ಏನಿದು, ಹೊಸದಾಗಿ ಏನೋ ಮುರಿದಿಟ್ಟಿದ್ದೀರಾ?" ಅಂತ ಬಂದರು. ಕೆಂಪು ಸಾಲು ಓದಿ ಅಂದೆ. ಡೆಮೋ ಫೋಲ್ಡರ್‌ನಲ್ಲಿ ಪಿಲಿಸ್ಟ್ ಇರಲಿಲ್ಲ.