ಬುಡಾಪೆಸ್ಟಿನ ವಠಾರದಲ್ಲಿ ಐದು ರಾತ್ರಿ

ಹಂಗೇರಿಯ ರಾಜಧಾನಿ ಬುಡಾಪೆಸ್ಟಿನಲ್ಲಿ ನಾನು ಇಳಿದುಕೊಳ್ಳಬೇಕಿದ್ದ ಹಾಸ್ಟೆಲ್ಲಿನ ಭಾರವಾದ ಮರದ ಬಾಗಿಲನ್ನು ದೂಡಿ ಒಳಗೆ ಕಾಲಿಟ್ಟಾಗ ಮೊದಲು ನೆನಪಾದದ್ದು ನಾನು ಬೆಳೆದ ಚಾಮರಾಜಪೇಟೆಯ ವಠಾರ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ನಾಲ್ಕು ಅಂತಸ್ತು, ಪ್ರತಿ ಅಂತಸ್ತಿಗೂ ಕಬ್ಬಿಣದ ಕಟಕಟೆ ಹಾಕಿದ ಉದ್ದನೆಯ ಮೊಗಸಾಲೆ, ಅದಕ್ಕೆ ಸಾಲಾಗಿ ಬಾಗಿಲು ತೆರೆಯುವ ಮನೆಗಳು. ಆ ಮೊಗಸಾಲೆಯನ್ನು ಅಲ್ಲಿಯವರು ಗಾಂಗ್ ಎನ್ನುತ್ತಾರೆ. ಎರಡನೆಯ ಅಂತಸ್ತು ಹಾಸ್ಟೆಲ್ಲಿನದು, ಮಿಕ್ಕವುಗಳಲ್ಲಿ ಸಂಸಾರಗಳಿದ್ದವು. ಬೀಗದ ಕೈ ಕೊಡುವಾಗ ಹಾಸ್ಟೆಲ್ಲಿನಾಕೆ ಹೇಳಿದ್ದು ಒಂದೇ ಮಾತು: ರಾತ್ರಿ ಹತ್ತರ ಮೇಲೆ ಎಲ್ಲಿ ಬೇಕಾದರೂ ಕುಣಿಯಿರಿ, ಗಾಂಗಿನಲ್ಲಿ ಮಾತ್ರ ಪಿಸುಮಾತು.

ಕುಣಿಯುವ ಜಾಗಗಳೂ ಇಂಥವೇ ಮನೆಗಳೆಂಬುದು ಆ ರಾತ್ರಿಯೇ ತಿಳಿಯಿತು. ಊರಿನ ಏಳನೆಯ ವಿಭಾಗದಲ್ಲಿ ದಶಕಗಟ್ಟಲೆ ದುರಸ್ತಿ ಕಾಣದೆ, ಕೆಡವುವವರಿಗಾಗಿ ಕಾದು ನಿಂತಿದ್ದ ವಠಾರಗಳಲ್ಲಿ ಯುವಕರು ಹಳೆಯ ಕುರ್ಚಿ ಮೇಜು ತಂದು ಹಾಕಿ ಪಬ್ ನಡೆಸತೊಡಗಿದರು. ಅವಕ್ಕೆ ರೋಮ್‌ಕೋಚ್ಮಾ, ಅಂದರೆ ಪಾಳುಮನೆಯ ಪಬ್ ಎಂಬ ಹೆಸರು ಬಿತ್ತು. 2002ರಲ್ಲಿ ಆರಂಭವಾಗಿ 2004ರಲ್ಲಿ ಕಾಜಿಂತ್ಸಿ ಬೀದಿಗೆ ಬಂದ ಸಿಂಪ್ಲಾ ಕೆರ್ಟ್ ಇವುಗಳಲ್ಲಿ ಹೆಸರುವಾಸಿಯಾದದ್ದು. ಅಲ್ಲಿ ಗಾರೆ ಉದುರಿದ ಗೋಡೆಯನ್ನು ಉದುರಿದಂತೆಯೇ ಬಿಟ್ಟಿದ್ದಾರೆ, ಸ್ನಾನದ ತೊಟ್ಟಿಯನ್ನು ಕತ್ತರಿಸಿ ಸೋಫಾ ಮಾಡಿದ್ದಾರೆ, ಅಂಗಳದಲ್ಲಿ ನಿಲ್ಲಿಸಿರುವ ಟ್ರಾಬಂಟ್ ಕಾರಿನೊಳಗೆ ಕುಳಿತು ಜನ ಕುಡಿಯುತ್ತಾರೆ. ಭಾನುವಾರ ಬೆಳಿಗ್ಗೆ ಅದೇ ಅಂಗಳದಲ್ಲಿ ರೈತರ ಸಂತೆ ನಡೆಯುತ್ತದೆ. ರಾತ್ರಿ ಕಾಲಿಡಲು ಜಾಗವಿಲ್ಲದ ಆ ಗದ್ದಲಕ್ಕಿಂತ ಚೀಸು, ಜೇನು, ಮೂಲಂಗಿಗಳ ಆ ಸಂತೆಯೇ ನನಗೆ ಹೆಚ್ಚು ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು.

ನನಗೆ ರುಚಿಸಿದ ಪಾನೀಯ ಫ್ರೋಚ್: ವೈನಿಗೆ ಸೋಡಾ ಬೆರೆಸಿದ್ದು. ಬೆರಕೆಯ ಪ್ರಮಾಣಕ್ಕೆ ತಕ್ಕಂತೆ ಅದಕ್ಕೆ ಹೆಸರು ಬೇರೆ. ಒಂದು ಪಾಲು ವೈನಿಗೆ ಎರಡು ಪಾಲು ಸೋಡಾ ಆದರೆ ಅದು ‘ಉದ್ದ ಹೆಜ್ಜೆ’. ಮೂರು ಪಾಲು ವೈನಿಗೆ ಎರಡು ಪಾಲು ಸೋಡಾ ಆದರೆ ‘ಹಾಜ್‌ಮೇಶ್ತೆರ್’, ಎಂದರೆ ಇಂಥ ವಠಾರವನ್ನು ನೋಡಿಕೊಳ್ಳುವ ಆಳು. ವಠಾರದ ಕಾವಲುಗಾರನಿಗೆ ಇಷ್ಟು ಗೌರವ ಕೊಟ್ಟ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಇದು ಬರೀ ಮೋಜಿನ ಬೀದಿಯಲ್ಲ. ಇದು ಯಹೂದಿಗಳ ಹಳೆಯ ಕೇರಿ. 1944ರ ಚಳಿಗಾಲದಲ್ಲಿ ಇಲ್ಲಿಯೇ ಬೇಲಿ ಹಾಕಿ ಸಾವಿರಾರು ಜನರನ್ನು ಕೂಡಿಹಾಕಿದ್ದರು. ನಾಲ್ಕೈದು ನಿಮಿಷದ ನಡಿಗೆಯಲ್ಲಿರುವ, 1859ರಲ್ಲಿ ಕಟ್ಟಿ ಮುಗಿಸಿದ ದೊಹಾನಿ ಬೀದಿಯ ಸಿನಗಾಗಿನ, ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ತೋಟದಲ್ಲಿ ಆಗ ಸತ್ತ ಎರಡು ಸಾವಿರಕ್ಕೂ ಹೆಚ್ಚು ಜನರ ಸಮಾಧಿಗಳಿವೆ. ಅವನ್ನು ಹಗಲು ನೋಡಿಬಂದ ದಿನ ರಾತ್ರಿ ಪಬ್ಬಿಗೆ ಹೋಗಲು ಮನಸ್ಸಾಗಲಿಲ್ಲ. ಮಾರನೆಯ ದಿನ ಹೋದೆ.

ಹಸಿವಾದಾಗಲೆಲ್ಲ ನನ್ನನ್ನು ಕಾಪಾಡಿದ್ದು ಲಾಂಗೋಶ್. ಗಾಡಿಯವಳು ಮೆತ್ತಗೆ ಉಬ್ಬಿದ ಹಿಟ್ಟಿನ ಉಂಡೆಯನ್ನು ಎಣ್ಣೆ ಸವರಿದ ಅಂಗೈಗಳಲ್ಲಿ ಎಳೆದು, ನಡುವೆ ತೆಳ್ಳಗೆ, ಅಂಚು ದಪ್ಪಗೆ ಬರುವಂತೆ ಹಿಗ್ಗಿಸಿ ಕಾದ ಎಣ್ಣೆಗೆ ಬಿಡುತ್ತಾಳೆ. ತಟ್ಟೆಯಗಲ ಉಬ್ಬಿ ಕೆಂಪಾದ ಮೇಲೆ ತೆಗೆದು, ಜಜ್ಜಿದ ಬೆಳ್ಳುಳ್ಳಿ ನೆನೆಸಿದ ನೀರನ್ನು ಬ್ರಷ್ಷಿನಿಂದ ಸವರುತ್ತಾಳೆ. ಆ ನೀರು ಬಿಸಿಗೆ ಚುಂಯ್ ಎಂದಾಗ ಏಳುವ ಘಮಲಿಗೆ ಸಾಲಿನ ಕೊನೆಯಲ್ಲಿರುವವನೂ ಕತ್ತು ಚಾಚುತ್ತಾನೆ. ಮೇಲೆ ಹುಳಿ ಕೆನೆ, ತುರಿದ ಚೀಸು. ನನ್ನಂಥ ಸಸ್ಯಾಹಾರಿಗೆ ಅಲ್ಲಿ ಇಷ್ಟು ನಿಶ್ಚಿಂತೆಯ ಊಟ ಮತ್ತೊಂದಿರಲಿಲ್ಲ. ದೊಣ್ಣೆಮೆಣಸು, ಟೊಮೆಟೊ, ಈರುಳ್ಳಿಯ ಲೆಚೋ ಎಂಬ ಗೊಜ್ಜನ್ನು ಕೇಳದೆಯೇ ತರಿಸಿಕೊಂಡು, ಮೂರನೆಯ ತುತ್ತಿಗೆ ಸಾಸೇಜ್ ಸಿಕ್ಕಿ ತಟ್ಟೆಯನ್ನು ಬದಿಗೆ ಸರಿಸಿದ್ದೆ. ಅದು ನನ್ನದೇ ತಪ್ಪು. ಅಂದಿನಿಂದ ‘ಹೂಶ್ ನೇಲ್ಕ್ಯುಲ್’, ಮಾಂಸವಿಲ್ಲದೆ, ಎಂಬ ಎರಡು ಪದಗಳನ್ನು ಮಂತ್ರದಂತೆ ಜಪಿಸಿದೆ.

1897ರ ದೊಡ್ಡ ಮಾರುಕಟ್ಟೆಯಲ್ಲಿ ಕೊಂಡ ಪಾಪ್ರಿಕಾ ಪುಡಿಯನ್ನು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಚಿತ್ರಾನ್ನಕ್ಕೆ ಹಾಕಿದೆ: ನಮ್ಮ ಬ್ಯಾಡಗಿಯಂತೆ ಬಣ್ಣವೇ ಬಣ್ಣ, ಖಾರ ಮಾತ್ರ ಹುಡುಕಬೇಕು. ನನ್ನ ಕೋಣೆಯಲ್ಲಿ ಎಂಟು ಮಂಚ. ಕೆಳಗಿನ ಮಂಚದ ಪೋಲೆಂಡಿನ ನಿವೃತ್ತ ಮೇಷ್ಟ್ರು ಗೊರಕೆಗೆ ಮುಂಚಿತವಾಗಿಯೇ ಕ್ಷಮೆ ಕೇಳಿ, ಎಲ್ಲರಿಗೂ ಕಿವಿಗೆ ತುರುಕಿಕೊಳ್ಳುವ ಸ್ಪಂಜು ಹಂಚಿದ್ದರು. ಚಿತ್ರಾನ್ನವನ್ನು ಎರಡು ಸಲ ಬಡಿಸಿಕೊಂಡವರೂ ಅವರೇ.

ಕೊನೆಯ ರಾತ್ರಿ, ಇಡೀ ರಾತ್ರಿ ಓಡುವ ಆರನೆಯ ನಂಬರಿನ ಟ್ರಾಮಿನಲ್ಲಿ ನಿದ್ದೆಹೋಗಿ, ಮಾರ್ಗಿಟ್ ಸೇತುವೆ ದಾಟಿ ಡ್ಯಾನ್ಯೂಬಿನ ಆಚೆ ದಡದ ಬುಡಾಕ್ಕೆ ಹೋಗಿಬಿಟ್ಟೆ. ಮರಳಿ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಗಾಂಗಿನಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದರೆ, ಎದುರು ಸಾಲಿನಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದ ಅಜ್ಜಿಯೊಬ್ಬರು ಕೈ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಯಾರು ಯಾವ ಹೊತ್ತಿಗೆ ಮನೆ ಸೇರಿದರೆಂಬ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿದ್ದ ನಮ್ಮ ವಠಾರದ ಮೂರನೇ ಮನೆಯ ಅಜ್ಜಿಯದೂ ಇದೇ ನೋಟ. “ಯೋ ರೆಗ್ಗೆಲ್ಟ್,” ಎಂದರು, ಶುಭೋದಯ ಎಂದರ್ಥ. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋದೆ.