ನೆಗ್ಗಿಲು ಮುಳ್ಳಿನ ದಾರಿಗೆ ‘ಈಸಿ’ ಅಂತ ಸಹಿ ಹಾಕಿದ್ದು

ನಮ್ಮ ಸೈಕಲ್ ಟೂರ್ ಕಂಪನಿಯ ರೂಟ್ ಶೀಟಿನಲ್ಲಿ ಪ್ರತಿ ದಾರಿಗೂ ಒಂದು ಗ್ರೇಡ್ ಇರುತ್ತದೆ. ಈಸಿ, ಮೀಡಿಯಂ, ಹಾರ್ಡ್. ಎಷ್ಟು ದೂರ, ಎಷ್ಟು ಏರು ಅಂತ ಜಿಪಿಎಕ್ಸ್ ಫೈಲ್ (ದಾರಿಯ ಜಿಪಿಎಸ್ ದಾಖಲೆ) ನೋಡಿ ಸಾಫ್ಟ್‌ವೇರೇ ಗ್ರೇಡ್ ಹಾಕುತ್ತದೆ. ಲೀಡ್ ಒಬ್ಬ, ಅಂದರೆ ರೈಡ್ ನಡೆಸುವವನು, ರೆಕ್ಕಿ ಮಾಡಿ (ಮೊದಲೇ ಹೋಗಿ ದಾರಿ ನೋಡಿ) ಬಂದು ಓಕೆ ಅಂದರೆ ಮುಗೀತು, ಬುಕಿಂಗ್ ಓಪನ್. ನೆಲದಲ್ಲಿ ಏನಿದೆ, ಯಾವ ತಿಂಗಳು, ಇದೆಲ್ಲ ಬರೆಯೋಕೆ ಶೀಟಿನಲ್ಲಿ ಜಾಗವೇ ಇಲ್ಲ. ನಂದಿ ಬುಡದ ದ್ರಾಕ್ಷಿ ತೋಟದ ರೈಡಿಗೆ ಓಕೆ ಕೊಟ್ಟವನು ನಾನು.

ನಂದಿ ಅಂದ ಕೂಡಲೇ ಬೆಂಗಳೂರಿನ ಸೈಕಲ್ ಜನರಿಗೆ ಆ ಏರೇ ನೆನಪಾಗುತ್ತದೆ. 1478 ಮೀಟರ್ ಎತ್ತರದ ಬೆಟ್ಟ, ಕೊನೆಯ ಏಳೆಂಟು ಕಿಲೋಮೀಟರ್ ಬರೀ ತಿರುವು, ತೊಡೆ ಉರಿದು ಹೋಗುತ್ತದೆ. ನಮ್ಮದು ಅದಲ್ಲ. ಬೆಟ್ಟ ಹತ್ತದೆ ಬುಡದಲ್ಲೇ ಸುತ್ತುವ ದಾರಿ. ಭೋಗನಂದೀಶ್ವರ ದೇವಸ್ಥಾನದ ಹತ್ತಿರ ಶುರು. ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿಗೆ ಒಂದು ಸುತ್ತು ಹೊಡೆದು ಬರುವುದು, ಆಮೇಲೆ ದೊಡ್ಡಬಳ್ಳಾಪುರದ ದಿಕ್ಕಿಗೆ ತಿರುಗಿ ತೋಟಗಳ ನಡುವಿನ ಮಣ್ಣು ದಾರಿ ಹಿಡಿಯುವುದು. ಕೊನೆಗೆ ಒಂದು ವೈನರಿಯಲ್ಲಿ ಊಟ, ಟೇಸ್ಟಿಂಗ್. ಸೈಕಲ್ಲುಗಳನ್ನೆಲ್ಲ ಗಾಡಿಗೆ ಹಾಕಿದ ಮೇಲೇ ಗ್ಲಾಸ್ ಮುಟ್ಟಬೇಕು. ನಮ್ಮ ಎಸ್‌ಒಪಿಯಲ್ಲಿ, ಅಂದರೆ ಕಂಪನಿಯ ನಿಯಮಪಟ್ಟಿಯಲ್ಲಿ, ನಾನು ಮನಸಾರೆ ಒಪ್ಪುವ ಸಾಲು ಅದೊಂದೇ.

ದಾರಿ ನಿಜಕ್ಕೂ ಚೆನ್ನಾಗಿದೆ. ಕೆಂಪು ಮಣ್ಣು, ಟ್ರ್ಯಾಕ್ಟರ್ ಓಡಾಡಿ ಗಟ್ಟಿಯಾಗಿದೆ. ಎರಡೂ ಕಡೆ ಕಲ್ಲು ಕಂಬದ ಚಪ್ಪರ. ಬಂದವರು ಅದನ್ನೆಲ್ಲ ವೈನ್ ದ್ರಾಕ್ಷಿ ಅಂದುಕೊಂಡು ಫೋಟೋ ಹೊಡೆಯುತ್ತಾರೆ. ಅಲ್ಲಿ ಜಾಸ್ತಿ ಇರುವುದು ತಿನ್ನುವ ದ್ರಾಕ್ಷಿ: ದಿಲ್‌ಖುಷ್, ಶರದ್, ಮತ್ತೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ಬೆಂಗಳೂರು ಬ್ಲೂ. ವೈನ್ ತಳಿಗಳು ಬೇರೆಯೇ. ಬೇಲಿಯ ಹಾಗೆ ಸಾಲಾಗಿ ತಂತಿಗೆ ಹಬ್ಬಿಸಿರುತ್ತಾರೆ. ಹಣ್ಣು ಸಣ್ಣ, ಸಿಪ್ಪೆ ದಪ್ಪ, ಬಾಯಿಗೆ ಹಾಕಿಕೊಂಡರೆ ಬೀಜವೇ ಬೀಜ. ಈ ಕಡೆ ಗ್ರೋವರ್ ಕುಟುಂಬ ಫ್ರಾನ್ಸಿನ ತಳಿ ತಂದು ತೋಟ ಮಾಡಿದ್ದು 1988ರಲ್ಲಿ. ರೈತರ ಚಪ್ಪರ ಅದಕ್ಕೂ ಎಷ್ಟೋ ಹಳೆಯದು. ಇಷ್ಟನ್ನು ಗೈಡ್ ಮಾತಿನಲ್ಲಿ ಹೇಳಿದರೆ ಅರ್ಧ ಜನ ಕೇಳುತ್ತಾರೆ, ಇನ್ನರ್ಧ ಜನ ಸೆಲ್ಫಿಯಲ್ಲಿ ಇರುತ್ತಾರೆ.

ನಾನು ರೆಕ್ಕಿ ಮಾಡಿದ್ದು ಆಗಸ್ಟಿನಲ್ಲಿ. ಕೆರೆ ಏರಿಯ ಕೆಳಗಿನ ಬಂಡಿ ಜಾಡಿನಲ್ಲಿ ಹಸಿರು ಜಮಖಾನ ಹಾಸಿದ ಹಾಗೆ ಏನೋ ಹಬ್ಬಿತ್ತು, ಮೇಲೆಲ್ಲ ಪುಟ್ಟ ಹಳದಿ ಹೂವು. ನೆಲದ ಮೇಲೆ ಹೊಟ್ಟೆ ಹಾಸಿ ಮಲಗಿ, ಹೂವಿನ ಹಿಂದೆ ಸೈಕಲ್ ಚಕ್ರ, ಅದರ ಹಿಂದೆ ನಂದಿ ಬೆಟ್ಟ ಬರುವ ಹಾಗೆ ಫೋಟೋ ತೆಗೆದೆ. ಮಾರ್ಕೆಟಿಂಗ್‌ನವರು ಅದನ್ನೇ ಪೇಜಿನ ಬ್ಯಾನರ್ ಮಾಡಿದರು.

ಆ ಹೂವು ನೆಗ್ಗಿಲಿನದು. ಮಳೆಗಾಲದಲ್ಲಿ ಹೂ ಬಿಡುತ್ತದೆ. ಚಳಿ ಕಳೆಯುವ ಹೊತ್ತಿಗೆ ಬಳ್ಳಿ ಒಣಗಿ, ಕಾಯಿ ಒಡೆದು, ಒಂದೊಂದು ಚೂರಿಗೂ ಗಟ್ಟಿ ಮುಳ್ಳು ಉಳಿಯುತ್ತದೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಅದಕ್ಕೆ ಉತ್ತ ನೆಲಕ್ಕಿಂತ ತುಳಿದು ಗಟ್ಟಿಯಾದ ಬೋಳು ನೆಲವೇ ಇಷ್ಟ. ಅಂದರೆ ನಾವು ಸೈಕಲ್ಲಿಗೆ ಹುಡುಕುವಂಥದ್ದೇ ನೆಲ.

ಗ್ರೂಪ್ ಬಂದಿದ್ದು ಫೆಬ್ರವರಿಯಲ್ಲಿ. ಒಂದು ಸಾಫ್ಟ್‌ವೇರ್ ಟೀಮು, ಅರ್ಧಕ್ಕರ್ಧ ಜನ ಶಾಲೆ ಬಿಟ್ಟ ಮೇಲೆ ಸೈಕಲ್ ಮುಟ್ಟಿದವರಲ್ಲ. ಸ್ವೀಪಿಗೆ, ಅಂದರೆ ಎಲ್ಲರ ಹಿಂದೆ ಬರುವ ಕೆಲಸಕ್ಕೆ, ಹೊಸ ಹುಡುಗ. ಕೆರೆ ಹತ್ತಿರ ದಾರಿ ಎರಡಾಗುತ್ತದೆ. ಮೇಲೆ ಟಾರ್ ರಸ್ತೆ, ಅದರಲ್ಲಿ ಕ್ರಷರಿನಿಂದ ಬರುವ ಟಿಪ್ಪರುಗಳು ಒಂದರ ಹಿಂದೆ ಒಂದು. ಕೆಳಗೆ ನನ್ನ ಬಂಡಿ ಜಾಡು. ಏರಿ ಮೇಲೆ ಕುರಿ ಹೊಡೆದುಕೊಂಡು ನಿಂತಿದ್ದ ಅಜ್ಜಿ, “ಆ ಕಡೆ ಹೋಗ್ಬೇಡ್ರಪ್ಪ, ಮುಳ್ಳು ಜಾಸ್ತಿ” ಅಂದರು. ನಾನು ಪಕ್ಕಕ್ಕೆ ನೋಡಿದೆ. ಜಾಲಿ ಪೊದೆ ಇತ್ತು, ದಾರಿಯಿಂದ ಎರಡು ಮಾರು ದೂರ. “ಪರ್ವಾಗಿಲ್ಲ ಅಜ್ಜಿ, ಮಧ್ಯದಲ್ಲೇ ಹೋಗ್ತೀವಿ” ಅಂದೆ. ಅವರು ಇನ್ನೇನೂ ಹೇಳಲಿಲ್ಲ.

ಐದು ನಿಮಿಷ ಆಗಿರಬೇಕು, ಹಿಂದಿನಿಂದ ಸ್ವೀಪ್ ಸೀಟಿ ಹೊಡೆದ. ಒಂದು ಪಂಕ್ಚರ್. ಮುಂದೆ ಇನ್ನೂರು ಮೀಟರ್ ದೂರದಲ್ಲಿ ಒಂದು ಹುಣಸೆ ಮರ ಕಾಣುತ್ತಿತ್ತು. ಮಿಕ್ಕವರು ಬಿಸಿಲಲ್ಲಿ ಯಾಕೆ ನಿಲ್ಲಬೇಕು ಅಂತ, “ಎಲ್ಲರೂ ಆ ಮರದ ಕೆಳಗೆ ವೇಟ್ ಮಾಡಿ” ಅಂದುಬಿಟ್ಟೆ. ಈಗಲೂ ರಾತ್ರಿ ನೆನಪಾದರೆ ಮೈ ಪರಚಿಕೊಳ್ಳುವ ಹಾಗಾಗುವುದು ಈ ಮಾತಿಗೆ. ಮುಳ್ಳು ದಟ್ಟವಾಗಿ ಬಿದ್ದಿದ್ದು ಆ ಇನ್ನೂರು ಮೀಟರಿನಲ್ಲೇ.

ನಾನು ಮರದ ಹತ್ತಿರ ಹೋಗಿ ನೋಡಿದರೆ ಎಲ್ಲರ ಟೈರಿನಲ್ಲೂ ಬೂದು ಬಣ್ಣದ ಚೂರುಗಳು ಅಂಟಿಕೊಂಡಿವೆ, ಆದರೆ ಗಾಳಿ ಇನ್ನೂ ಇದೆ. ಮುಳ್ಳು ತೂತಿನಲ್ಲೇ ಇರುವ ತನಕ ಗಾಳಿ ನಿಧಾನಕ್ಕೆ ಹೋಗುತ್ತದೆ. ಹಾಗೇ ಬಿಟ್ಟು, ಎತ್ತಿಕೊಂಡು ಟಾರ್ ರಸ್ತೆಗೆ ಹೋಗಿದ್ದರೆ ಅರ್ಧ ಸೈಕಲ್ಲಾದರೂ ಉಳಿಯುತ್ತಿತ್ತೋ ಏನೋ. ಅಷ್ಟರಲ್ಲಿ ಯಾರೋ ಒಬ್ಬರು ಸಹಾಯ ಮಾಡುವ ಉತ್ಸಾಹದಲ್ಲಿ ಕೂತು ಮುಳ್ಳು ಕೀಳೋಕೆ ಶುರು ಮಾಡಿದರು. ಅವರನ್ನು ನೋಡಿ ಪಕ್ಕದವರು. ಸುಯ್ಯ್, ಸುಯ್ಯ್ ಅಂತ ನಾಲ್ಕೂ ಕಡೆಯಿಂದ ಸದ್ದು. “ತೆಗೀಬೇಡಿ, ತೆಗೀಬೇಡಿ” ಅಂತ ಕೂಗುವ ಹೊತ್ತಿಗೆ ಕೆಲಸ ಕೆಟ್ಟಿತ್ತು.

ಬ್ಯಾಗಿನಲ್ಲಿ ಟ್ಯೂಬ್ ಇದ್ದಿದ್ದು ಆರು. ಅದರಲ್ಲಿ ಹಳೆ ಸ್ಟಾಕಿನ 26 ಇಂಚಿನವೇ ಜಾಸ್ತಿ. ಸೈಕಲ್ ಎಲ್ಲ 29. ಇನ್ನೊಂದು ಮಜಾ ಕೇಳಿ, ಟ್ಯೂಬಿಗೆಲ್ಲ ಮೋಟರ್‌ಬೈಕ್ ಥರದ ದಪ್ಪ ವಾಲ್ವ್, ಪಂಪಿನ ಹೆಡ್ ಮಾತ್ರ ಪ್ರೆಸ್ಟಾ ಅನ್ನುವ ತೆಳು ವಾಲ್ವಿನದು. ಕಿಟ್ ಪ್ಯಾಕ್ ಮಾಡುವವರು ಸೈಕಲ್ ಓಡಿಸದೇ ಇದ್ದರೆ ಹೀಗೇ ಆಗುವುದು. ಟ್ಯೂಬ್‌ಲೆಸ್ ಮಾಡಿ, ತೂತು ತಾನೇ ಮುಚ್ಚುವ ಸೀಲೆಂಟ್ ದ್ರವ ಹಾಕಿಸಿ ಅಂತ ಕೇಳಿ ಕೇಳಿ ನನಗೇ ಬೇಜಾರಾಗಿತ್ತು. ನಮ್ಮ ಬಿಸಿಲಿಗೆ ಸೀಲೆಂಟ್ ಕೆಲವೇ ತಿಂಗಳಲ್ಲಿ ಒಣಗುತ್ತದೆ, ಮತ್ತೆ ಮತ್ತೆ ತುಂಬಿಸಬೇಕು, ಖರ್ಚು ಅಂತ ಫೈಲ್ ಅಲ್ಲೇ ಕೂತಿತ್ತು.

ಬ್ಯಾಕಪ್ ಗಾಡಿಗೆ ಫೋನ್ ಮಾಡಿದೆ. ಡ್ರೈವರ್ ಕೆರೆಯ ಆ ದಡದಲ್ಲಿದ್ದಾರೆ. ಆಫೀಸಿನಲ್ಲಿ ಕೂತು ರೈಡ್ ನಿಭಾಯಿಸುವ ಆಪ್ಸ್‌ನವರು ಹಳೆಯ ಸ್ಯಾಟಲೈಟ್ ಚಿತ್ರ ನೋಡಿ, ಒಣಗಿದ ಕೆರೆ ಅಂಗಳದಲ್ಲಿ ದಾರಿ ಇದೆ ಅಂತ ಪಿನ್ ಹಾಕಿ ಕಳಿಸಿದ್ದರು. ಹೆಬ್ಬಾಳ-ನಾಗವಾರ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಕಡೆಯ ಕೆರೆಗಳಿಗೆ ಬಂದು ವರ್ಷಗಳೇ ಆದವು. ಆ ದಾರಿ ನೀರಿನ ಅಡಿಯಲ್ಲಿದೆ. “ಸಾರ್, ನೀವು ಕಾಣ್ತಿದೀರ, ಆದ್ರೆ ಮಧ್ಯೆ ಬಾತುಕೋಳಿ ಇದಾವೆ” ಅಂದರು ಡ್ರೈವರ್. ಅವರು ಸುತ್ತಿ ಬರಬೇಕು ಅಂದರೆ ಅದೇ ಟಿಪ್ಪರುಗಳ ಸಾಲಿನಲ್ಲಿ ಬರಬೇಕು.

ಬಿಸಿಲು ಏರುತ್ತಿತ್ತು. ಹನ್ನೆರಡಕ್ಕೆ ವೈನರಿ ಸ್ಲಾಟ್. ನೀರಿನ ಬಾಟಲಿಗಳು ಖಾಲಿಯಾಗುತ್ತಾ ಬಂದವು. ಯಾರೋ ನೇರ ಆಫೀಸಿಗೇ ಫೋನ್ ಮಾಡಿದರು. ಕೂಡಲೇ ಆಪ್ಸ್ ಮ್ಯಾನೇಜರ್ ನನಗೆ ಫೋನ್ ಮಾಡಿ ಕೇಳಿದ್ದು, “ಇದು ಈಸಿ ರೂಟಲ್ವಾ?” ನಾನು ಮರಕ್ಕೆ ಒರಗಿಕೊಂಡು ಪ್ಯಾಚ್ ಉಜ್ಜುತ್ತಾ, ಹೌದು ಸಾರ್, ಏರು ಏನೂ ಇಲ್ಲ ಅಂದೆ. ನೋಡಿ, ಆಗಲೂ ನನ್ನ ತಲೆಯಲ್ಲಿ ಇದ್ದಿದ್ದು ಏರಿನ ಲೆಕ್ಕವೇ.

ಕೊನೆಗೆ ದ್ರಾಕ್ಷಿ ಕ್ರೇಟ್ ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರ್ ಸಿಕ್ಕಿತು. ಸೈಕಲ್ಲು, ಜನ ಎಲ್ಲ ಟ್ರೇಲರಿಗೆ. ಓಡಿಸುತ್ತಿದ್ದ ರೈತರು ಟೈರ್ ನೋಡಿ ನಕ್ಕರು. “ನೆಗ್ಗಿಲು ಒಣಗಿರೋವಾಗ ಈ ಕಡೆ ನಾವು ಕುರೀನೂ ಬಿಡಲ್ಲ, ನೀವು ಗಾಳಿ ಚಕ್ರ ಬಿಟ್ಟಿದೀರಲ್ಲ ಸ್ವಾಮಿ” ಅಂದರು. ದಾರಿಯಲ್ಲಿ ಇನ್ನೂ ಒಂದು ಮಾತು ಹೇಳಿದರು. ಬಳ್ಳಿ ಕಟಿಂಗ್ ಆದ ಮೇಲೆ ಚಿಗುರು ಬರಲಿ ಅಂತ ಔಷಧಿ ಬಳಿಯುವ ದಿನಗಳಲ್ಲೂ ತೋಟದ ಪಕ್ಕ ಜನರನ್ನು ಕರೆತರಬೇಡಿ, ಅದು ಒಳ್ಳೆಯದಲ್ಲ ಅಂತ. ಅದೂ ನನ್ನ ರೆಕ್ಕಿಯಲ್ಲಿ ಇರಲಿಲ್ಲ. ನಾನು ಒಬ್ಬ ರೈತರನ್ನೂ ಮಾತಾಡಿಸದೆ ಅವರ ಕೆಲಸದ ದಾರಿಗೆ ಗ್ರೇಡ್ ಹಾಕಿದ್ದೆ.

ಈಗ ನಾನು ಮಾಡುವುದು ಇಷ್ಟೇ. ಯಾವ ತಿಂಗಳಿಗೆ ಬುಕಿಂಗ್ ಇದೆಯೋ ಅದೇ ತಿಂಗಳಲ್ಲಿ ರೆಕ್ಕಿ. ಜನವರಿಯಿಂದ ಮಳೆ ಬೀಳುವ ತನಕ ಬಂಡಿ ಜಾಡು ಬಂದ್. ಹಳ್ಳಿ ಟಾರ್ ರಸ್ತೆಯಲ್ಲೇ, ಟಿಪ್ಪರ್ ಶುರುವಾಗುವ ಮೊದಲು, ಬೆಳಗಿನ ಜಾವ. ಮಳೆ ಜೋರಿದ್ದಾಗ ಕೆರೆ ಪಕ್ಕದ ಜೇಡಿ ಮಣ್ಣು ಫೋರ್ಕಿಗೆ ಮೆತ್ತಿಕೊಂಡು ಚಕ್ರವೇ ತಿರುಗಲ್ಲ, ಆವಾಗಲೂ ಬೇಡ. ಮುಳ್ಳಿನ ಜಾಗದಲ್ಲಿ ಮೊದಲ ಪಂಕ್ಚರ್ ಆದರೆ ಎಲ್ಲರೂ ನಿಂತಲ್ಲೇ ಇಳಿಯಬೇಕು, ಸೈಕಲ್ ಹೊತ್ತುಕೊಂಡು ಬಂದ ದಾರಿಯಲ್ಲೇ ವಾಪಸ್. ನೆರಳು ಆಮೇಲೆ.

ಆಫೀಸಿನಲ್ಲಿ ಆಗಿದ್ದು ಬೇರೆ ಕಥೆ. ರಿವ್ಯೂಗಳಲ್ಲಿ ಜನ ಬರೆದಿದ್ದು ಟ್ರ್ಯಾಕ್ಟರ್ ಸವಾರಿ ಸೂಪರ್ ಅಂತ. ಅದನ್ನು ನೋಡಿ ಮ್ಯಾನೇಜರ್, ಇದನ್ನೇ ಪ್ಯಾಕೇಜಿಗೆ ಸೇರಿಸಿದರೆ ಹೇಗೆ ಅಂತ ಮೀಟಿಂಗ್ ಕರೆದರು. ಸೀಲೆಂಟ್ ಅರ್ಧ ಸೈಕಲ್ಲುಗಳಿಗೆ ಮಂಜೂರಾಗಿದೆ. ಆವತ್ತು ನಾನು ಜೇಬಿನಿಂದ ಕೊಟ್ಟ ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಇನ್ನೂ ಬಂದಿಲ್ಲ. ರೈತರಿಂದ ಜಿಎಸ್‌ಟಿ ಬಿಲ್ ತನ್ನಿ ಅಂತಿದ್ದಾರೆ ಅಕೌಂಟ್ಸ್‌ನವರು.