ಮೈಸೂರಿನ ಕಪಾಟಿನಲ್ಲಿ ನಮ್ಮೂರ ಕಲ್ಲು

ಚಿತ್ರದುರ್ಗದಲ್ಲಿ ನಾವು ಬಿ.ಎಸ್ಸಿ. ಓದುತ್ತಿದ್ದಾಗ ಭೂವಿಜ್ಞಾನ ಆರಿಸಿಕೊಂಡವರು ಕೆಲವೇ ಮಂದಿ. ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದ ವಸ್ತುಸಂಗ್ರಹಾಲಯ ನೋಡದೆ ಯಾರೂ ಅಂತಿಮ ಪರೀಕ್ಷೆಗೆ ಕೂರಬಾರದೆಂಬುದು ನಮ್ಮ ಮೇಷ್ಟ್ರ ಹಟ. ಅರಮನೆ, ಮೃಗಾಲಯ ಎಲ್ಲ ಆಮೇಲೆ ಎಂದು ನೇರವಾಗಿ ಅಲ್ಲಿಗೇ ಕರೆದೊಯ್ದರು.

ಸಂಡೂರಿನ ಪಟ್ಟೆಪಟ್ಟೆ ಕಬ್ಬಿಣದ ಕಲ್ಲು, ಚಾಮುಂಡಿ ಬೆಟ್ಟದ ಗ್ರಾನೈಟ್ ಎಲ್ಲವೂ ಸಾಲಾಗಿದ್ದವು. ಕೋಲಾರದ ಅದಿರಿನಲ್ಲಿ ಚಿನ್ನ ಹೊಳೆಯುತ್ತದೆಂದು ಮುಗಿಬಿದ್ದರೆ, ಕಂಡದ್ದು ಬೂದು ಬಣ್ಣದ ಬೆಣಚುಕಲ್ಲು. ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ ಎಂದು ತಿಳಿದಾಗ ಆ ಗಣಿಗಳಲ್ಲಿ ದುಡಿದವರ ಬಗ್ಗೆ ಗೌರವ ಹೆಚ್ಚಿತು.

ಪಕ್ಕದ ಕಪಾಟಿನಲ್ಲಿ ಕಡುಹಸಿರು ಕಲ್ಲೊಂದಿತ್ತು. ಮೂಲೆಯಲ್ಲಿ ಬಿಳಿ ಬಣ್ಣದ ಚುಕ್ಕೆ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ. ಕೆಳಗಿನ ಚೀಟಿಯಲ್ಲಿ 'ಮರಡಿಹಳ್ಳಿ, ಚಿತ್ರದುರ್ಗ ಜಿಲ್ಲೆ' ಎಂದಿತ್ತು. ನಮ್ಮೂರಿನದೇ! ಅಲ್ಲಿನ ಪ್ರಾಧ್ಯಾಪಕರು ಅದನ್ನು ಹೊರತೆಗೆದು ನನ್ನ ಕೈಗೆ ಲೆನ್ಸ್ ಕೊಟ್ಟರು. ಅಂಚಿನಲ್ಲಿ ಬೆರಳಗಲದ ನುಣುಪು ಪಟ್ಟಿ. ಒಳಗೆ ಹೋದಂತೆ ಕಣಗಳು ದಪ್ಪವಾಗುತ್ತಿದ್ದವು. ನೀರಿನಡಿಯಲ್ಲಿ ಉಕ್ಕಿದ ಲಾವಾ ತಣ್ಣೀರು ತಾಗಿದೊಡನೆ ಹೊರಗೆ ಸಿಪ್ಪೆಗಟ್ಟುತ್ತದೆ, ಒಳಗಿನದು ನಿಧಾನವಾಗಿ ಆರುತ್ತದೆ. ಹೀಗೆ ದಿಂಬುಗಳಂತಹ ಉಂಡೆಗಳು ಒಂದರ ಮೇಲೊಂದು ಕೂರುತ್ತವೆ. ಪ್ರತಿ ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಅಡಿಯ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗುತ್ತದೆ. ಪದರಗಳು ಎಷ್ಟೇ ಮಗುಚಿಕೊಂಡಿದ್ದರೂ ಮೂಲತಃ ಮೇಲಿದ್ದ ಬದಿ ಯಾವುದೆಂದು ಇದರಿಂದ ಹೇಳಬಹುದು.

ಆ ಲಾವಾ ಉಕ್ಕಿ ಸುಮಾರು 250 ಕೋಟಿ ವರ್ಷಗಳಾಗಿವೆ ಎಂದರು. ಮಳೆಗಾಗಿ ಆಕಾಶ ನೋಡುವ ಬಯಲುಸೀಮೆಯವರಾದ ನಮಗೆ, ನಮ್ಮ ನೆಲ ಒಮ್ಮೆ ನೀರಿನಡಿ ಇತ್ತೆಂಬುದನ್ನು ಅರಗಿಸಿಕೊಳ್ಳಲಾಗಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ದಾರಿಯುದ್ದಕ್ಕೂ ಅದೇ ಮಾತು.

ಮುಂದೆ ಅದೇ ವಿಭಾಗದಲ್ಲಿ ಎಂ.ಎಸ್ಸಿ. ಮಾಡಿದೆ. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಅರೆದು ಸೂಕ್ಷ್ಮದರ್ಶಕದಡಿ ನೋಡುವುದನ್ನು ಕಲಿತದ್ದೂ ಅಲ್ಲಿಯೇ. ಆದರೂ ನನ್ನನ್ನು ಭೂವಿಜ್ಞಾನಕ್ಕೆ ಕಟ್ಟಿಹಾಕಿದ್ದು ಆ ಕಪಾಟು. ಎಲ್ಲಿ ಸಿಕ್ಕಿತೆಂಬ ಚೀಟಿ ಇರದಿದ್ದರೆ ಆ ಕಲ್ಲು ನಮಗೆ ಏನನ್ನೂ ಹೇಳುತ್ತಿರಲಿಲ್ಲ. ನಮ್ಮ ಕಾಲೇಜಿನ ಪ್ರಯೋಗಾಲಯದ ಮಾದರಿಗಳಿಗೂ ಹೊಸ ಚೀಟಿ ಬರೆಯಿಸಲು ಹಳೆಯ ವಿದ್ಯಾರ್ಥಿಗಳು ಕೈಜೋಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಈಗ ಓದುತ್ತಿರುವವರು ಮರಡಿಹಳ್ಳಿಗೂ ಹೋಗಿಬನ್ನಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಲೆನ್ಸ್, ನೋಟ್‌ಬುಕ್ ತೆಗೆದುಕೊಂಡು ಹೋಗಿ. ಸುತ್ತಿಗೆಯನ್ನು ಮಾತ್ರ ಕಾಲೇಜಿನಲ್ಲಿಯೇ ಬಿಟ್ಟುಹೋಗಿ.